‘ಏನು ಕೇಳ್ತಾ ಇದ್ದೀಯಾ?’ ‘ಏನಿಲ್ಲಪ್ಪಾ!’

ರಾತ್ರಿ ಎಂಟೂವರೆ. ಅಡುಗೆಮನೆಯಿಂದ ‘ಊಟಕ್ಕೆ ಬಾರೇ’ ಎಂಬ ಕರೆ ಮೂರನೇ ಸಲ ಬಂದಿದೆ. ಪಿಯುಸಿ ಓದುವ ಮಗಳು ಕೋಣೆಯಲ್ಲಿ ಪುಸ್ತಕ ತೆರೆದು ಕುಳಿತಿದ್ದಾಳೆ. ಕಿವಿಯಲ್ಲಿ ಇಯರ್‌ಫೋನ್, ತಲೆ ಮೆಲ್ಲಗೆ ತಾಳಕ್ಕೆ ಆಡುತ್ತಿದೆ. ಅಪ್ಪ ಬಾಗಿಲಲ್ಲಿ ನಿಂತು ಕೈಬೀಸಿದ ಮೇಲಷ್ಟೇ ಅವಳಿಗೆ ಎಚ್ಚರ.

‘ಏನಮ್ಮಾ ಅದು, ಕೇಳ್ತಾ ಇರೋದು?’

‘ಏನಿಲ್ಲಪ್ಪಾ, ಸುಮ್ನೆ ಹಾಡು.’

ಅಲ್ಲಿಗೆ ಮಾತು ಮುಗಿಯಿತು. ಊಟದ ತಟ್ಟೆಯ ಮುಂದೆ ಅಂಕ, ಟ್ಯೂಷನ್ನು, ಸಿಇಟಿ ಎಲ್ಲದರ ಬಗ್ಗೆಯೂ ಮಾತು ನಡೆಯುತ್ತದೆ. ಅರ್ಧ ಗಂಟೆ ಮೊದಲು ಮಗಳ ಮನಸ್ಸನ್ನು ತುಂಬಿಕೊಂಡಿದ್ದ ಆ ಹಾಡೊಂದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹದಿಹರೆಯದವರಿರುವ ಬಹುತೇಕ ಮನೆಗಳಲ್ಲಿ ಇಂದು ಅಪ್ಪನ ಹಾಡು ಅಪ್ಪನ ಮೊಬೈಲಿನಲ್ಲಿ, ಅಮ್ಮನದು ಅಮ್ಮನ ಮೊಬೈಲಿನಲ್ಲಿ, ಮಕ್ಕಳದು ಮಕ್ಕಳ ಕಿವಿಯಲ್ಲಿ. ಹಾಡು ಕೇಳುವುದು ಹೆಚ್ಚಿದೆ, ಹಾಡಿನ ಬಗ್ಗೆ ಆಡುವ ಮಾತು ಕಡಿಮೆಯಾಗಿದೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟ ಉಂಟು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಗಡಿಯ ಮುಂದೆ ನಿಂತ ಹುಡುಗ

ಗದಗಿನಲ್ಲಿ ಒಬ್ಬ ಹುಡುಗನಿದ್ದ. ಅಂಗಡಿಯೊಂದರಲ್ಲಿ ಗ್ರಾಮಫೋನ್ ಹಾಡುತ್ತಿದ್ದರೆ ಶಾಲೆ, ಮನೆ ಎಲ್ಲವನ್ನೂ ಮರೆತು ಅಲ್ಲೇ ನಿಂತುಬಿಡುತ್ತಿದ್ದ. ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಠುಮ್ರಿಯ ತಟ್ಟೆಯೊಂದು ಅವನನ್ನು ಎಷ್ಟು ಹಿಡಿದಿಟ್ಟಿತೆಂದರೆ, ಹಾಗೆ ಹಾಡಲು ಕಲಿಸುವ ಗುರುವನ್ನು ಹುಡುಕಿಕೊಂಡು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟೇಬಿಟ್ಟ. ಊರೂರು ಅಲೆದು, ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ಗದಗಿನಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿ. ಅಬ್ದುಲ್ ಕರೀಂ ಖಾನ್ ಅವರ ಶಿಷ್ಯರಾದ ಸವಾಯಿ ಗಂಧರ್ವರೇ ಆ ಗುರು. ಹುಡುಗ ಮುಂದೆ ಭಾರತರತ್ನ ಪಂಡಿತ್ ಭೀಮಸೇನ ಜೋಶಿ ಆದದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಆ ತಟ್ಟೆ ಹುಡುಗನದಲ್ಲ, ಯಂತ್ರವೂ ಅವನದಲ್ಲ. ಯಾರೋ ತಮ್ಮ ಅಂಗಡಿಯಲ್ಲಿ ಹಾಕಿದ ಹಾಡು ಬೀದಿಗೆ ಕೇಳಿಸಿತು, ಅಷ್ಟೇ. ಅಂಗಡಿಯಾತ ಅದನ್ನು ತನ್ನೊಬ್ಬನ ಕಿವಿಗೇ ಇಟ್ಟುಕೊಳ್ಳುವ ಕಾಲವಾಗಿದ್ದರೆ?

ರೇಡಿಯೊ ಬಂದ ಮೇಲೂ ಹಾಡು ಹತ್ತು ಜನರದಾಗಿಯೇ ಉಳಿಯಿತು. 1952ರಲ್ಲಿ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳೆಂದರೆ ಅಷ್ಟಕ್ಕಷ್ಟೆ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮಾಯವಾದವು. ಕೇಳುಗರು ಸುಮ್ಮನಿದ್ದರೆ? ಮುಳ್ಳನ್ನು ರೇಡಿಯೊ ಸಿಲೋನಿನ ಕಡೆಗೆ ತಿರುಗಿಸಿದರು! ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿಂದ ಅಮೀನ್ ಸಯಾನಿ ಅವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಬುಧವಾರ ರಾತ್ರಿ ಎಂಟಾದರೆ ಹೋಟೆಲು, ಕಟ್ಟೆ, ವಠಾರಗಳಲ್ಲಿ ರೇಡಿಯೊ ಸುತ್ತ ಜನ. ಈ ವಾರ ಯಾವ ಹಾಡು ಮೇಲೇರಿತು, ಯಾವುದು ಕೆಳಗಿಳಿಯಿತು ಎಂದು ಮರುದಿನ ಶಾಲೆ, ಕಚೇರಿಗಳಲ್ಲಿ ವಾಗ್ವಾದ. ಊರೂರುಗಳಲ್ಲಿ ಕೇಳುಗರ ಸಂಘಗಳೇ ಹುಟ್ಟಿಕೊಂಡವು. ಕೊನೆಗೆ ಆಕಾಶವಾಣಿಯೂ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು.

ಕೋರಿಕೆಯ ಕಾರ್ಯಕ್ರಮಗಳ ಸೊಗಸೇ ಬೇರೆ. ಈಗಿನ ಜಾರ್ಖಂಡಿನ ಝುಮ್ರಿ ತಲೈಯಾ ಎಂಬ ಸಣ್ಣ ಊರು ಇಡೀ ದೇಶಕ್ಕೆ ಪರಿಚಿತವಾದದ್ದು ಅಲ್ಲಿಂದ ಬರುತ್ತಿದ್ದ ಕೋರಿಕೆ ಪತ್ರಗಳಿಂದಲೇ. ಕನ್ನಡದ ಕೋರಿಕೆ ಕಾರ್ಯಕ್ರಮಗಳಲ್ಲೂ ಹಾಡಿಗೆ ಮೊದಲು ಕೋರಿದವರ ಹೆಸರುಗಳ ಉದ್ದನೆಯ ಪಟ್ಟಿ. ಒಂದು ಅಂಚೆಕಾರ್ಡಿನಲ್ಲಿ ಅಣ್ಣ, ತಂಗಿ, ಅತ್ತೆ, ಪಕ್ಕದ ಮನೆಯ ಪುಟ್ಟಿ ಎಲ್ಲರೂ! ‘ಈ ಹಾಡು ನನಗಿಷ್ಟ’ ಎಂದು ನಾಡಿಗೆಲ್ಲ ಹೇಳಿಕೊಳ್ಳುವ ಸಂಭ್ರಮ ಅದು.

ಎರಡು ತೂತಿನ ವಾಕ್‌ಮನ್

ಹಾಡು ಒಬ್ಬರ ಕಿವಿಗೆ ಸೇರಿಕೊಂಡದ್ದು ಯಾವಾಗ? ಅದಕ್ಕೊಂದು ದಿನಾಂಕವೇ ಇದೆ. 1979ರ ಜುಲೈ 1. ಜಪಾನಿನ ಸೋನಿ ಕಂಪೆನಿ ‘ವಾಕ್‌ಮನ್’ ಎಂಬ ಪುಟ್ಟ ಕ್ಯಾಸೆಟ್ ಯಂತ್ರವನ್ನು ಮಾರುಕಟ್ಟೆಗೆ ತಂದ ದಿನ ಅದು.

ಈ ಯಂತ್ರದ ಮೊದಲ ಮಾದರಿಯಲ್ಲಿ ಒಂದು ವಿಶೇಷವಿತ್ತು. ಹೆಡ್‌ಫೋನ್ ಸಿಕ್ಕಿಸಲು ಅದರಲ್ಲಿ ಒಂದಲ್ಲ, ಎರಡು ತೂತುಗಳು! ಕಂಪೆನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಪ್ರಯೋಗಕ್ಕೆಂದು ತಯಾರಾದ ಯಂತ್ರವನ್ನು ಮನೆಗೆ ಒಯ್ದು ಹಾಡು ಕೇಳುತ್ತ ಕುಳಿತರಂತೆ. ತನ್ನನ್ನು ಹೊರಗಿಟ್ಟು ಗಂಡನೊಬ್ಬನೇ ಕೇಳುತ್ತಿದ್ದಾನೆಂದು ಹೆಂಡತಿಗೆ ಬೇಸರವಾಯಿತು. ಇನ್ನೊಬ್ಬರ ಎದುರಿಗೆ ಕುಳಿತು ಒಬ್ಬರೇ ಹಾಡು ಕೇಳುವುದು ಮರ್ಯಾದೆಯಲ್ಲ ಎಂದು ಮೊರಿಟಾ ಅವರಿಗೂ ಅನ್ನಿಸಿತು. ಹಾಗಾಗಿ ಇಬ್ಬರು ಕೇಳಲು ಎರಡು ತೂತು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ. ಅದನ್ನು ಒತ್ತಿದರೆ ಹಾಡಿನ ಸದ್ದು ತಗ್ಗಿ, ಒಳಗಿನ ಮೈಕಿನ ಮೂಲಕ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿತ್ತು. ಹಾಡಿನ ನಡುವೆಯೂ ‘ಈ ಜಾಗ ಎಷ್ಟು ಚೆನ್ನಾಗಿದೆ ನೋಡು’ ಎಂದು ಹೇಳಿಕೊಳ್ಳಲಿ ಎಂಬ ಏರ್ಪಾಡು!

ಆದರೆ ಕೊಂಡವರು ಅದನ್ನು ತಮ್ಮೊಬ್ಬರದೇ ಯಂತ್ರವೆಂದು ಭಾವಿಸಿದರು. ಆ ಗುಂಡಿಯೂ ಎರಡನೆಯ ತೂತೂ ಮುಂದಿನ ಮಾದರಿಗಳಲ್ಲಿ ಕಾಣೆಯಾದವು. ಇಂದಿನ ಇಯರ್‌ಫೋನಿನ ವಂಶವೃಕ್ಷ ಅಲ್ಲಿಂದ ಆರಂಭ. ಕಳೆದುಹೋದದ್ದು ಸಂಗೀತವಲ್ಲ, ಆ ಕಿತ್ತಳೆ ಬಣ್ಣದ ಗುಂಡಿ.

ಆದರೂ ಕ್ಯಾಸೆಟ್ ಕಾಲದಲ್ಲಿ ಹಂಚಿಕೊಳ್ಳುವ ಅಭ್ಯಾಸ ಪೂರ್ತಿ ಹೋಗಲಿಲ್ಲ. 1978ರಲ್ಲಿ ಬಂದ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ಟು ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಮನೆಯಿಂದ ಮನೆಗೆ ದಾಟಿತು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಕಾಲೇಜು ಹುಡುಗರ ನಾಲಿಗೆಯ ಮೇಲೆ ಕುಣಿಯಿತು. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಒಂದರಲ್ಲಿ ಹನ್ನೆರಡು, ಹೆಚ್ಚೆಂದರೆ ಹದಿನಾಲ್ಕು ಚಿತ್ರಗೀತೆ ಹಿಡಿಸುತ್ತಿತ್ತು. ಗೆಳೆಯನಿಗೆಂದು ಹಾಡು ತುಂಬಿಸುವವರು ಯಾವುದನ್ನು ಸೇರಿಸುವುದು, ಯಾವುದನ್ನು ಬಿಡುವುದು ಎಂದು ವಾರವಿಡೀ ಯೋಚಿಸಬೇಕಾಗುತ್ತಿತ್ತು. ಈಗ ಕೋಟಿಗಟ್ಟಲೆ ಹಾಡು ಕೈಯಲ್ಲೇ ಇದೆ. ಕೊಂಡಿಯೊಂದನ್ನು ಕಳಿಸಲು ಒಂದು ಕ್ಷಣ ಸಾಕು. ಕಳಿಸಿದ್ದನ್ನು ಕೇಳಿ, ‘ಹೇಗಿತ್ತು?’ ಎಂದು ಮಾತಾಡುವವರೆಷ್ಟು ಮಂದಿ?

ಸಂಶೋಧಕರು ಕಂಡದ್ದು

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ರೆಂಟ್‌ಫ್ರೋ ಮತ್ತು ಗಾಸ್ಲಿಂಗ್ ಎಂಬ ಮನಶ್ಶಾಸ್ತ್ರಜ್ಞರು, ಒಬ್ಬರಿಗೊಬ್ಬರು ಅಪರಿಚಿತರಾದ ವಿದ್ಯಾರ್ಥಿಗಳನ್ನು ಜೋಡಿ ಮಾಡಿ ಆರು ವಾರ ಪರಸ್ಪರ ಪರಿಚಯ ಬೆಳೆಸಿಕೊಳ್ಳಲು ಬಿಟ್ಟರು. ಯಾವ ವಿಷಯ ಬೇಕಾದರೂ ಮಾತನಾಡಬಹುದಿತ್ತು. 2006ರಲ್ಲಿ ಪ್ರಕಟವಾದ ಅವರ ವರದಿಯಂತೆ ಆ ಜೋಡಿಗಳ ಮಾತಿನಲ್ಲಿ ಅತಿ ಹೆಚ್ಚು ಬಂದ ವಿಷಯ ಸಂಗೀತ. ಒಬ್ಬರ ಮೆಚ್ಚಿನ ಹಾಡುಗಳನ್ನು ಕೇಳಿ, ಅವರ ಸ್ವಭಾವದ ಕೆಲವು ಮುಖಗಳನ್ನು ಅಪರಿಚಿತರು ಸುಮಾರಾಗಿ ಸರಿಯಾಗಿಯೇ ಊಹಿಸಬಲ್ಲರು ಎಂಬುದೂ ಕಂಡುಬಂತು. ಮಕ್ಕಳ ಮನಸ್ಸಿನಲ್ಲಿ ಏನಿದೆಯೋ ತಿಳಿಯುವುದಿಲ್ಲ ಎಂದು ಕೊರಗುವ ತಂದೆತಾಯಂದಿರು ಇದನ್ನು ಗಮನಿಸಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಕರೋಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್‌ನಿಕ್ ಅವರು 62 ಮಂದಿ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದರು. ವಿದ್ಯಾರ್ಥಿಗಳಿಗೆ ತಮ್ಮ ಕಾಲದ ಹಾಡುಗಳು ಹತ್ತಿರವಾಗಿದ್ದುದು ಸಹಜವೇ. ಆದರೆ ಅವರ ತಂದೆತಾಯಂದಿರು ಇಪ್ಪತ್ತರ ಪ್ರಾಯದಲ್ಲಿದ್ದಾಗಿನ, ಅಂದರೆ 1980ರ ದಶಕದ ಮೊದಲ ವರ್ಷಗಳ ಹಾಡುಗಳೂ ಅವರ ನೆನಪಿನಲ್ಲಿ ಗಟ್ಟಿಯಾಗಿ ಕೂತಿದ್ದವು. 1960ರ ದಶಕದ ಹಾಡುಗಳೂ ಹಾಗೆಯೇ! ಮಕ್ಕಳು ಬೆಳೆಯುವಾಗ ಮನೆಯಲ್ಲಿ ಹಿರಿಯರು ಹಾಕುತ್ತಿದ್ದ ಹಾಡುಗಳು ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿದಿವೆ ಎಂಬುದು ಅವರ ವಿವರಣೆ. ಆ ಹಾಡುಗಳು ಮನೆಯಲ್ಲಿ ಕೇಳಿಸುವಂತೆ ಇದ್ದದ್ದರಿಂದ ಇದಾಯಿತು. ಅಪ್ಪನ ಕಿವಿಯೊಳಗೇ ಉಳಿದ ಹಾಡು ಮಗನ ನೆನಪಾಗುವುದು ಹೇಗೆ?

ಯಾರ ಇಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಉಂಟು. ಹಾಡು ಯಾರಿಚ್ಛೆ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತಮಗೇ ಹಾಕಿಕೊಳ್ಳುವುದು ಒಳ್ಳೆಯದು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಅಂತರ್ಜಾಲದಲ್ಲಿ ನಡೆಸಿದ ಪ್ರಯೋಗವೊಂದು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರೇ ಕೇಳಿರದ ತಂಡಗಳ 48 ಹಾಡುಗಳು, 14,341 ಮಂದಿ ಕೇಳುಗರು. ಕೆಲವರು ತಮ್ಮ ಪಾಡಿಗೆ ತಾವು ಕೇಳಿ ಆರಿಸಿಕೊಂಡರು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಎಷ್ಟು ಮಂದಿ ಯಾವ ಹಾಡನ್ನು ಇಳಿಸಿಕೊಂಡರು ಎಂಬ ಲೆಕ್ಕವನ್ನೂ ಎದುರಿಗಿಟ್ಟರು. ಲೆಕ್ಕ ನೋಡಿದವರು ಗೆದ್ದ ಹಾಡಿನ ಹಿಂದೆಯೇ ಓಡಿದರು. ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಮೂಲೆ ಸೇರಿತು! ತೀರಾ ಒಳ್ಳೆಯ ಹಾಡು ಪೂರ್ತಿ ಸೋಲುವುದು ಅಪರೂಪ, ತೀರಾ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನವುಗಳ ಹಣೆಬರಹ ಮಾತ್ರ ಯಾರೂ ಹೇಳುವಂತಿರಲಿಲ್ಲ.

ಆದ್ದರಿಂದ ‘ಇಷ್ಟು ಕೋಟಿ ಜನ ನೋಡಿದ್ದಾರೆ’ ಎಂಬುದು ಹಾಡು ಚೆನ್ನಾಗಿದೆ ಎನ್ನಲು ಕಾರಣವಾಗದು. ಅದು ಗುಂಪಿನ ಲೆಕ್ಕ. ‘ಇದರಲ್ಲಿ ನನಗೇನು ಹಿಡಿಸಿತು?’ ಎಂದು ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ರುಚಿ ಎಂಬುದು ಬೆಳೆಯುವುದು. ಪಲ್ಲವಿಯ ತಿರುವೇ, ಚರಣಕ್ಕೆ ಮೊದಲು ಬರುವ ಕೊಳಲೇ, ಸಾಹಿತ್ಯದ ಒಂದು ಪದವೇ, ಹಾಡುವವರ ಉಚ್ಚಾರವೇ? ಹೀಗೆ ಹೇಳಲು ಪ್ರಯತ್ನಿಸಿದವರು ಮುಂದಿನ ಸಲ ಅದೇ ಹಾಡನ್ನು ಹೆಚ್ಚು ಗಮನವಿಟ್ಟು ಕೇಳುತ್ತಾರೆ. ಕಿರಿಯರು ಭಾಷೆ ಕಲಿಯುವ ದಾರಿಯೂ ಇದೇ.

‘ಇದೂ ಒಂದು ಹಾಡಾ?’

ಇನ್ನು ಹಿರಿಯರ ಸರದಿ. ಮಗ ಎಂದೋ ಒಮ್ಮೆ ಉತ್ಸಾಹದಿಂದ ರ‍್ಯಾಪನ್ನೋ ಕೊರಿಯಾದ ಬಿಟಿಎಸ್ ತಂಡವನ್ನೋ ಕೇಳಿಸಿದಾಗ ‘ಇದೂ ಒಂದು ಹಾಡಾ? ನಮ್ಮ ಕಾಲದಲ್ಲಿ...’ ಎಂದು ಶುರುಮಾಡಿದರೆ ಮುಗಿಯಿತು. ಮುಂದೆ ಅವನ ಉತ್ತರ ‘ಏನಿಲ್ಲ’ ಎಂಬುದೇ. ‘ನಮ್ಮ ಕಾಲದ’ ಚಿತ್ರಗೀತೆಗಳನ್ನೂ ಅಂದಿನ ಹಿರಿಯರು, ಸಚಿವರಾದಿಯಾಗಿ, ಹೀಗೆಯೇ ತಳ್ಳಿಹಾಕಿದ್ದರು ಎಂಬುದನ್ನು ಮರೆಯಬಾರದು. ಆ ಹಾಡುಗಳನ್ನೇ ಇಂದು ‘ಹಳೆಯದೆಲ್ಲ ಹೊನ್ನು’ ಎನ್ನುತ್ತಿದ್ದೇವೆ!

ಹಾಗೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ಒಮ್ಮೆ ಪೂರ್ತಿ ಕೇಳಿ, ಆಮೇಲೆ ‘ಇದರಲ್ಲಿ ನಿನಗೆ ಯಾವ ಜಾಗ ಇಷ್ಟ?’ ಎಂದು ಕೇಳಿದರೆ ಸಾಕು. ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲವೆಂದು ಹೇಳಬಹುದು. ಆ ಚರ್ಚೆಯೇ ಲಾಭ. ವಾರಕ್ಕೊಂದು ಸಂಜೆ ಮನೆಯವರೆಲ್ಲ ತಲಾ ಒಂದು ಹಾಡು ಹಾಕುವ ಪದ್ಧತಿ ಇಟ್ಟುಕೊಳ್ಳಬಹುದು. ಅಜ್ಜಿಯದು 1972ರ ‘ಬಂಗಾರದ ಮನುಷ್ಯ’ ಇರಲಿ, ಮೊಮ್ಮಗಳದು ಮೊನ್ನೆ ಬಂದದ್ದಿರಲಿ. ಒಂದೇ ನಿಯಮ: ಒಬ್ಬರ ಹಾಡು ಮುಗಿಯುವವರೆಗೆ ಇನ್ನೊಬ್ಬರು ಗೇಲಿ ಮಾಡಬಾರದು.

ಕಿವಿಯಿಂದ ಯಂತ್ರವನ್ನು ಆಗಾಗ ತೆಗೆಯಲು ಇನ್ನೊಂದು ಕಾರಣವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆಯೇ ಮಿತಿ. ಸದ್ದು 3 ಡೆಸಿಬಲ್ ಹೆಚ್ಚಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ ಆದರೆ ದೊಡ್ಡವರಿಗೂ ವಾರಕ್ಕೆ ಸುಮಾರು 4 ಗಂಟೆ ಮಾತ್ರ. ಈ ಮಿತಿ ಮೀರಿ ಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳಿ ಬಾರದು.

ಒಬ್ಬರೇ ಕೇಳುವುದು ತಪ್ಪೇನಲ್ಲ. ಕೆಲವು ಹಾಡುಗಳು ಏಕಾಂತದಲ್ಲೇ ಚೆನ್ನ. ಹದಿಹರೆಯದವರಿಗೆ ಅಂಥ ಏಕಾಂತ ಬೇಕು ಕೂಡ. ಆದರೆ ದಿನಕ್ಕೆ ಒಂದು ಹಾಡಾದರೂ ಬಾಗಿಲು ದಾಟಿ ಹೊರಗೆ ಬರಲಿ.

ಇಂದು ರಾತ್ರಿಯೂ ಊಟಕ್ಕೆ ಕರೆ ಬರುತ್ತದೆ, ಅಪ್ಪ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತಾರೆ. ಮಗಳು ‘ಏನಿಲ್ಲ’ ಎನ್ನುವ ಬದಲು ‘ಬಾ ಅಪ್ಪಾ, ಇದೊಂದು ಕೇಳು’ ಎಂದು ನೋಡಲಿ. ಊಟ ಐದು ನಿಮಿಷ ತಡವಾದರೆ ಅಮ್ಮ ಗೊಣಗಬಹುದು. ಆಗ ಅವರನ್ನೂ ಕರೆಯುವುದು!