ಗಾಳಿ ಬೆನ್ನಿಗಿದ್ದಾಗಲೇ ಎಚ್ಚರ

ಮಳೆಯೇ ಅಪರೂಪವಾದ ಸೀಮೆಯಲ್ಲಿ ಸೈಕಲ್ ಪ್ರವಾಸ ಹೊರಟವರಿಗೆ ಹವಾಮಾನದ ಚಿಂತೆ ಯಾಕೆ ಎಂದು ನೀವು ಕೇಳಬಹುದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು, ನಿಜ. ಆದರೆ ಉಳ್ಳಾರ್ತಿ ಕಾವಲ್‌ನಂಥ ಬಯಲಿನಲ್ಲಿ ಸವಾರನನ್ನು ಮೊದಲು ಕಾಡುವುದು ಮಳೆಯಲ್ಲ, ಗಾಳಿ. ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳ ನಾಡಿದು. ಹುಲ್ಲು, ಕುರುಚಲು ಗಿಡ, ಆಮೇಲೆ ಆಕಾಶ. ಗಾಳಿಯನ್ನು ತಡೆಯುವ ತೋಪು ಹುಡುಕಿದರೂ ಸಿಗುವುದು ಕಷ್ಟ.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಪಶ್ಚಿಮದ ಗಾಳಿ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಚಿತ್ರದುರ್ಗದಿಂದ ಚಳ್ಳಕೆರೆಗೆ ಸುಮಾರು 30 ಕಿ.ಮೀ.; ದಾರಿ ಹೆಚ್ಚುಕಡಿಮೆ ಪೂರ್ವಕ್ಕೆ. ಫಜ್ರ್ ಮುಗಿಸಿ ಹೊರಟ ಹುಡುಗರಿಗೆ ಗಾಳಿ ಬೆನ್ನಿಗಿರುತ್ತದೆ. ಸೈಕಲ್ ತಾನಾಗಿ ಓಡುತ್ತದೆ, ಇನ್ನೂ ಮುಂದೆ ಹೋಗೋಣ ಎನಿಸುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ. ಗಾಳಿಯ ತಡೆ ವೇಗದ ವರ್ಗದಷ್ಟು ಹೆಚ್ಚುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವನಿಗೆ 20 ಕಿ.ಮೀ. ವೇಗದ ಗಾಳಿ ಎದುರಾದರೆ, ಗಾಳಿಯಿಲ್ಲದ ದಿನಕ್ಕಿಂತ ಐದು ಪಟ್ಟಿಗೂ ಹೆಚ್ಚು ತಡೆ. ಅದೂ ಕಾಲು ಸೋತ ಹೊತ್ತಿನಲ್ಲಿ. ಆದ್ದರಿಂದ ಮಕ್ಕಳು ಅನುಮತಿ ಕೇಳಿದಾಗ 'ಎಷ್ಟು ದೂರ' ಎಂಬುದರ ಜೊತೆ 'ಗಾಳಿ ಯಾವ ಕಡೆಯಿಂದ' ಎಂದೂ ಕೇಳಿ. ಎದುರುಗಾಳಿಗೆ ಹೊರಟು, ಬೆನ್ನುಗಾಳಿಯಲ್ಲಿ ಮನೆಗೆ ಬರುವುದು ಜಾಣತನ.

ಈ ಗಾಳಿ ಬೆವರನ್ನು ಹುಟ್ಟಿದಲ್ಲೇ ಒಣಗಿಸುತ್ತದೆ. ಅಂಗಿ ಒದ್ದೆಯಾಗದ ಕಾರಣ ಬೆವರೇ ಬಂದಿಲ್ಲ ಎಂದು ಸವಾರ ತಿಳಿಯುತ್ತಾನೆ. ಕಾಲರಿನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗ ತಡವಾಗಿರುತ್ತದೆ. ಬಾಯಾರಿಕೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿಯಬೇಕು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಹೆಚ್ಚಿನವರಿಗೆ ಸಾಕು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ಅಪಾಯ: ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರಬಹುದು. ಓಆರ್‌ಎಸ್ ಪೊಟ್ಟಣ ಒಯ್ಯಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಳ್ಳಕೆರೆ ಶೇಂಗಾ ಸೀಮೆ. ಹುರಿದ ಶೇಂಗಾ, ಬೆಲ್ಲ, ಖರ್ಜೂರ ಜೇಬಿನಲ್ಲಿದ್ದರೆ ದುಬಾರಿ ಪುಡಿಗಳ ಅಗತ್ಯ ನನಗಂತೂ ಕಾಣುವುದಿಲ್ಲ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲಿ.

ಏಪ್ರಿಲ್, ಮೇ ತಿಂಗಳ ಕಥೆ ಬೇರೆ. ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಸವಾರನೇ ಆಗಿಬಿಡಬಹುದು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ತಕ್ಷಣ ಕಟ್ಟಡದೊಳಗೆ, ಇಲ್ಲವೇ ಬಸ್ಸು, ಕಾರಿನೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಒಂಟಿ ಮರದ ಬುಡ ಆಸರೆಯಲ್ಲ. ಏನೂ ಸಿಗದಿದ್ದರೆ ಸೈಕಲನ್ನು ದೂರ ಬಿಟ್ಟು, ಜೊತೆಗಾರರು ಪರಸ್ಪರ ಅಂತರವಿಟ್ಟು, ತಗ್ಗಿನಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು. ಇದು ಪೂರ್ಣ ರಕ್ಷಣೆಯಲ್ಲ, ಬೇರೆ ದಾರಿಯಿಲ್ಲದಾಗಿನ ಮಾತು. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ವಿದ್ಯುತ್ ತಗಲುತ್ತದೆ ಎಂಬ ನಂಬಿಕೆ ಜೀವ ತೆಗೆದಿದೆ. ಅವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ಒತ್ತುವುದನ್ನು ಕೂಡಲೇ ಆರಂಭಿಸಿ.

ಮಳೆ ನಿಂತ ಮೇಲೆ ಒದ್ದೆ ಬಟ್ಟೆಗೆ ಗಾಳಿ ತಾಗಿದರೆ, ಬಿಸಿಲಿನ ನಾಡಿನಲ್ಲೂ ಮೈ ತಣ್ಣಗಾಗುತ್ತದೆ. ನಡುಕ, ಬ್ರೇಕ್ ಹಿಡಿಯಲಾಗದ ಬೆರಳು, ತೊದಲುವ ಮಾತು ಕಂಡರೆ ಸವಾರಿ ಅಲ್ಲಿಗೇ ನಿಲ್ಲಲಿ. ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ್ದು ಹೊದಿಸಿ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಚಹಾ ಕೊಡಿ. ಕೈಕಾಲು ಉಜ್ಜಬೇಡಿ. ಇದಕ್ಕಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ ಬೇಕು. ಹೆಣ್ಣುಮಕ್ಕಳು ದುಪಟ್ಟಾದ ತುದಿ, ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ಪಿನ್ ಹಾಕಿಕೊಳ್ಳಲಿ. ಗಾಳಿಯಲ್ಲಿ ಅದು ಯಾವಾಗ ಕಡ್ಡಿಗೆ ಸುತ್ತಿಕೊಳ್ಳುತ್ತದೆಂದು ಹೇಳಲಾಗದು. ಎರೆಹೊಲದ ದಾರಿಗೆ ಮಳೆಯ ನಂತರ ಇಳಿಯಲೇಬಾರದು; ಆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಹಿಡಿಯುತ್ತದೆ.

ಮನೆಗೆ ಬಂದ ಮಗ ಸುಸ್ತೆಂದು ಅದೇ ಬಟ್ಟೆಯಲ್ಲಿ ಮಲಗಿದರೆ ಎಬ್ಬಿಸಿ. ತೊಡೆಸಂದನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿ, ಸಡಿಲ ಹತ್ತಿಬಟ್ಟೆ ತೊಡಲಿ. ಸೀಟಿನ ಉಜ್ಜುವಿಕೆಯ ಗಾಯಕ್ಕೆ ಎರಡು ದಿನ ಸವಾರಿ ಬಿಡುವುದೇ ಮೊದಲ ಮದ್ದು. ದುಂಡಗೆ ಅಂಚು ಕಟ್ಟಿ ತುರಿಸಿದರೆ ಅದು ಗಜಕರ್ಣವಿರಬಹುದು. ನಾಚಿಕೆಯಿಂದ ಮುಚ್ಚಿಟ್ಟು, ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ನಾಲ್ಕು ದಿನ ಅಡಗಿ, ಆಮೇಲೆ ಇನ್ನಷ್ಟು ಹರಡುತ್ತದೆ. ಚರ್ಮರೋಗ ವೈದ್ಯರಿಗೆ ತೋರಿಸಿ. ಅವರು ಹೇಳಿದಷ್ಟು ವಾರ ಮದ್ದು ಬಿಡದೆ ಹಚ್ಚಲಿ. ಅಲ್ಲಿಯವರೆಗೆ ಅವನ ಟವೆಲ್ ಮನೆಯ ಬೇರೆಯವರು ಬಳಸದಿರಲಿ.