ಕಿತ್ತೂರ ದೊರೆಮನೆಯ ಒಂದು ಮರಣ

ಕಿತ್ತೂರ ಇತಿಹಾಸವನ್ನು ಬಲ್ಲವರೆಲ್ಲರೂ 1824ರ ಅಕ್ಟೋಬರ್ 23ರಂದು ನಡೆದ ಕಾಳಗವನ್ನು ಬಲ್ಲರು. ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆ ಕೋಟೆಯ ಮುಂದೆ ಮಡಿದುದನ್ನೂ ಚೆನ್ನಮ್ಮ ರಾಣಿಯ ಕೆಚ್ಚನ್ನೂ ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಿದ್ದಾರೆ. ಆದರೆ ಆ ಕಾಳಗಕ್ಕೆ ಆರು ವಾರ ಮುಂಚೆ ಅದೇ ಕೋಟೆಯೊಳಗೆ ಸಂಭವಿಸಿದ ಒಂದು ಮರಣದ ಕಡೆಗೆ ನಮ್ಮ ಲಕ್ಷ್ಯ ಹರಿದುದು ಕಡಿಮೆ. ಯುವಕನೊಬ್ಬನು ರೋಗದಿಂದ ತೀರಿಕೊಂಡ ಮನೆಯೊಂದರ ಕಥೆಯೆಂದು ಅದನ್ನು ಓದಿದಾಗ ತೋರುವ ಸಂಗತಿಗಳು ಬೇರೆಯೇ ಆಗಿವೆ.

ದೇಸಾಯಿ ಮಲ್ಲಸರ್ಜನು ಪುಣೆಯಲ್ಲಿ ಪೇಶ್ವೆಯ ಸೆರೆಯಲ್ಲಿ ನವೆದು 1816ರಲ್ಲಿ ಲಿಂಗೈಕ್ಯನಾದ ಮೇಲೆ, ಅವನ ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಗಾದಿಗೆ ಬಂದನು. ಎರಡೇ ವರ್ಷಗಳಲ್ಲಿ ಪೇಶ್ವಾಯಿ ಅಳಿದು ಇಂಗ್ಲಿಷರ ಆಳಿಕೆ ನೆಲೆಗೊಂಡಿತು. ಹೊಸ ಒಡೆಯರೊಡನೆ ಕಟ್ಟುಪಾಡಿಗೆ ಒಳಪಟ್ಟು ಸಂಸ್ಥಾನವನ್ನು ಉಳಿಸಿಕೊಳ್ಳುವ ಹೊಣೆ ಈ ತರುಣನ ಮೇಲೆ ಬಿದ್ದಿತು. ಅವನ ದೇಹಸ್ಥಿತಿಯಾದರೋ ದೃಢವಾಗಿರಲಿಲ್ಲ, ಮಕ್ಕಳೂ ಇರಲಿಲ್ಲ. 1824ರ ಸೆಪ್ಟೆಂಬರ್ ತಿಂಗಳ ಎರಡನೆಯ ವಾರದಲ್ಲಿ ಅವನು ತೀರಿಕೊಂಡನು. ಹಿಂದೆ ಉಳಿದವರು ಎಳೆಯ ಪತ್ನಿ ವೀರಮ್ಮ, ಮಲತಾಯಿ ಚೆನ್ನಮ್ಮ, ಮತ್ತು ಅವನ ವಾರಸುದಾರನೆಂದು ದತ್ತು ಸ್ವೀಕರಿಸಲಾದ ಮಾಸ್ತಮರಡಿ ಗೌಡರ ಮನೆತನದ ಬಾಲಕ ಶಿವಲಿಂಗಪ್ಪ.

ಇಲ್ಲಿಂದ ಮುಂದಿನ ವ್ಯವಹಾರವು ವಿಚಾರಾರ್ಹವಾಗಿದೆ. ದತ್ತಕದ ಸುದ್ದಿಯು ಧಾರವಾಡದ ಕಚೇರಿಯನ್ನು ಮುಟ್ಟಿದುದು ಬಹು ತಡವಾಗಿ. ದೇಸಾಯಿಯ ಹೆಸರಿನಲ್ಲಿ ಬಂದ ಪತ್ರದ ಸಹಿಯನ್ನೇ ಥ್ಯಾಕರೆ ಸಂಶಯಿಸಿದನು; ಸರ್ಕಾರದ ಒಪ್ಪಿಗೆಯಿಲ್ಲದ ದತ್ತಕವು ಊರ್ಜಿತವಲ್ಲವೆಂದನು; ಬೊಕ್ಕಸಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟನು. ಸೂತಕದ ಮನೆಯವರು ಕಣ್ಣೊರೆಸಿಕೊಳ್ಳುವ ಮೊದಲೇ ಕಾಗದಪತ್ರಗಳ ಲೆಕ್ಕ ಒಪ್ಪಿಸಬೇಕಾಗಿ ಬಂದಿತು.

ಎರಡು ಬಗೆಯ ನ್ಯಾಯಗಳು ಇಲ್ಲಿ ಎದುರುಬದುರಾದುವು. ನಮ್ಮ ನಾಡಿನ ಪದ್ಧತಿಯಲ್ಲಿ ದತ್ತಕಕ್ಕೆ ಸಾಕ್ಷಿ ದೈವ. ಅಂದರೆ ನೆರೆದ ಬಂಧುಬಳಗ, ಗುರು, ಊರ ಹಿರಿಯರು. ಪತಿಯು ತೀರಿದ ಮೇಲೆ ವಿಧವೆಯೇ ಮಗನನ್ನು ದತ್ತು ಪಡೆಯುವ ರೂಢಿಯೂ ಈ ಭಾಗದಲ್ಲಿತ್ತು. ಪತಿಯು ನಿಷೇಧಿಸಿರದಿದ್ದರೆ ಆಕೆಗೆ ಅವನ ಸ್ಪಷ್ಟ ಅನುಮತಿ ಬೇಕಿಲ್ಲವೆಂಬುದನ್ನು ಮುಂದೆ ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಮನ್ನಿಸಿದುವು. ಈ ದೃಷ್ಟಿಯಿಂದ ನೋಡಿದರೆ ಸಹಿ ಯಾವ ದಿನ ಬಿತ್ತು ಎಂಬ ಪ್ರಶ್ನೆಯೇ ಗೌಣ. ಕಚೇರಿಗಾದರೋ ತಾರೀಖು ಮತ್ತು ಸಹಿಗಳೇ ಸರ್ವಸ್ವ. ಕಿತ್ತೂರಿನವರು ತಮ್ಮ ನ್ಯಾಯವನ್ನು ನಂಬಿ, ಎದುರಾಳಿಯ ನ್ಯಾಯಕ್ಕೆ ಬೇಕಾದ ಸಿದ್ಧತೆಯನ್ನು ಮಾಡಿಕೊಂಡಿರಲಿಲ್ಲ.

ಮನೆಯಲ್ಲಿ ಎಳೆಯ ಜೀವವೊಂದು ಹಾಸಿಗೆ ಹಿಡಿದಿರುವಾಗ ಮುಂದಿನ ಮಾತನ್ನೆತ್ತುವುದು ಅಪಶಕುನವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 'ಬಿಡ್ತು ಅನ್ನು' ಎಂದು ಹಿರಿಯರು ಬಾಯಿ ಮುಚ್ಚಿಸುವುದನ್ನು ಯಾರು ಕೇಳಿಲ್ಲ? ಆ ಮೌನವು ಪ್ರೀತಿಯಿಂದಲೇ ಹುಟ್ಟಿದುದು. ಆದರೆ ಅದರ ಭಾರವನ್ನು ಹೊರುವವರು ಹೆಚ್ಚಾಗಿ ಎಳೆಯ ವಿಧವೆಯರು ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ.

ಹಾಗೆಂದು ದೊರೆಮನೆಯ ವಿಳಂಬವೇ ಸಂಸ್ಥಾನದ ನಾಶಕ್ಕೆ ಕಾರಣವೆಂದರೆ ಅನ್ಯಾಯವಾದೀತು. ಝಾನ್ಸಿಯ ಗಂಗಾಧರರಾಯನು 1853ರ ನವೆಂಬರ್ ತಿಂಗಳಲ್ಲಿ, ಮರಣದ ಹಿಂದಿನ ದಿನ, ಇಂಗ್ಲಿಷ್ ಅಧಿಕಾರಿಗಳ ಸಮಕ್ಷಮದಲ್ಲಿಯೇ ಬಾಲಕನನ್ನು ದತ್ತು ಪಡೆದನು. ಸಾಕ್ಷಿಗೆ ಕೊರತೆಯೇನಿತ್ತು? ಆದರೂ ಡಾಲ್‌ಹೌಸಿಯು ಅದನ್ನು ಒಪ್ಪದೆ 1854ರಲ್ಲಿ ಝಾನ್ಸಿಯನ್ನು ನುಂಗಿಹಾಕಿದನು. 1848ರಲ್ಲಿ ಸಾತಾರೆಯ ಗತಿಯೂ ಅದೇ ಆಗಿದ್ದಿತು. ಆದುದರಿಂದ ಕಾಗದವು ಸರಿಯಿದ್ದರೆ ಕಿತ್ತೂರು ಉಳಿಯುತ್ತಿತ್ತೆಂದು ಹೇಳಲು ಆಧಾರವಿಲ್ಲ. ಥ್ಯಾಕರೆಗೆ ಅಷ್ಟು ಸುಲಭದ ನೆಪವು ದೊರೆಯುತ್ತಿರಲಿಲ್ಲವೆಂದು ಮಾತ್ರ ಹೇಳಬಹುದು. ದೇಶೀಯ ರಾಜರಿಗೆ ದತ್ತಕದ ಹಕ್ಕನ್ನು ಇಂಗ್ಲಿಷರು ಮನ್ನಿಸಿ ಸನದುಗಳನ್ನು ಕೊಟ್ಟುದು 1857ರ ರಕ್ತಪಾತವಾದ ಮೇಲೆ, ಕ್ಯಾನಿಂಗನ ಕಾಲದಲ್ಲಿ.

ಸ್ವತಂತ್ರ ಭಾರತದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರೆತ್ತಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ವಿಧವೆಯು ತನ್ನ ಸ್ವಂತ ಹಕ್ಕಿನಿಂದ ದತ್ತು ಪಡೆಯಬಹುದು. ಪತ್ರವು ನೋಂದಣಿಯಾಗಿ, ಕೊಟ್ಟವರ ಮತ್ತು ಪಡೆದವರ ಸಹಿಗಳು ಅದರಲ್ಲಿದ್ದರೆ, ಅನ್ಯಥಾ ಸಿದ್ಧವಾಗುವವರೆಗೆ ನ್ಯಾಯಾಲಯವು ಆ ದತ್ತಕವನ್ನು ಕ್ರಮಬದ್ಧವೆಂದೇ ಭಾವಿಸುತ್ತದೆ. ನೋಂದಣಿಯು ಕಡ್ಡಾಯವಲ್ಲ. ಆದರೂ ಹೊಲಮನೆಗಳಿರುವ ನಮ್ಮ ಒಕ್ಕಲು ಮನೆತನಗಳು ದೈವದ ಸಾಕ್ಷಿಯೊಡನೆ ಈ ಪತ್ರವನ್ನೂ ಇಟ್ಟುಕೊಳ್ಳುವುದು ಲೇಸು.

ಇನ್ನು ಕಿತ್ತೂರ ಮನೆಯವರ ಸಂಗತಿ. ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಅತ್ತೆ ಸೊಸೆಯರಿಬ್ಬರೂ ಬೈಲಹೊಂಗಲದಲ್ಲಿ ಸೆರೆಯಾದರು. ಮಗನು ತೀರಿದಂದಿನಿಂದ ಮನೆತನದ ಭಾರವನ್ನೆಲ್ಲ ಹೊತ್ತ ಚೆನ್ನಮ್ಮನು ಹೆತ್ತ ತಾಯಿಯಲ್ಲ, ಮಲತಾಯಿ ಎಂಬುದನ್ನು ಇಲ್ಲಿ ನೆನೆಯಬೇಕು. 1829ರ ಫೆಬ್ರುವರಿಯಲ್ಲಿ ಆಕೆ ಸೆರೆಯಲ್ಲಿಯೇ ಲಿಂಗೈಕ್ಯಳಾದಳು. ಬಾಲಕ ಶಿವಲಿಂಗಪ್ಪನ ಹಕ್ಕಿಗಾಗಿ ಎದ್ದ ಸಂಗೊಳ್ಳಿ ರಾಯಣ್ಣನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯಿದೆ. ಹುಬ್ಬಳ್ಳಿಯ ನಡುವೂರಿನಲ್ಲಿ ಆಕೆಯ ಹೆಸರಿನ ವೃತ್ತವಿದೆ. ಧಾರವಾಡದಲ್ಲಿ ಥ್ಯಾಕರೆಯ ಸ್ಮಾರಕಸ್ತಂಭವೂ ನಿಂತಿದೆ. ಅತ್ತೆಯನ್ನು ಕಳೆದುಕೊಂಡ ವೀರಮ್ಮನನ್ನು ಬೈಲಹೊಂಗಲದಿಂದ ಹುಬ್ಬಳ್ಳಿಗೆ ಸಮೀಪದ ಕುಸುಗಲ್ಲಿಗೆ ಸಾಗಿಸಿದರು. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳು ಏನನ್ನು ನುಡಿದಳೆಂಬುದನ್ನು ಯಾವ ಲಾವಣಿಕಾರನೂ ವಿಸ್ತರಿಸಿ ಹಾಡಿದುದನ್ನು ನಾನು ಕೇಳಿಲ್ಲ.