ಕುಗ್ಗಿತೋ, ಕುಗ್ಗಿಸಿದರೋ?

ಹೊಸ ಹತ್ತಿ ಅಂಗಿಯನ್ನು ಮೊದಲ ಸಲ ಒಗೆದು ತೊಟ್ಟಾಗ ತೋಳು ಮಣಿಕಟ್ಟು ಬಿಟ್ಟು ಮೇಲೇರಿದರೆ, ಇಂಗ್ಲಿಷ್ ಬಾರದವರೂ 'ಬಟ್ಟೆ ಶ್ರಿಂಕ್ ಆಯಿತು' ಎನ್ನುತ್ತಾರೆ. ದರ್ಜಿಯ ಅಂಗಡಿಯಲ್ಲಿ ಸದಾ ಕೇಳಿಬರುವ ಈ ಕ್ರಿಯಾಪದಕ್ಕೆ ಅದರ ತವರಿನಲ್ಲಿರುವ ಅರ್ಥಗಳು ಒಂದೆರಡಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಸ್ಕ್ರಿಂಕನ್'. ಸಾವಿರ ವರ್ಷಗಳ ಹಿಂದೆ ಅದಕ್ಕಿದ್ದ ಅರ್ಥ ಬಾಡು, ಮುರುಟು. ಬಿಸಿಲಿಗೆ ಎಲೆ ಮುರುಟಿದರೆ ಅದು ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಬಟ್ಟೆಯ ಕಥೆಯೂ ಹೆಚ್ಚುಕಡಿಮೆ ಅದೇ. ನೇಯುವಾಗ ಬಿಗಿಯಾಗಿ ಎಳೆದಿದ್ದ ನೂಲು ನೀರು ಕಂಡೊಡನೆ ಸಡಿಲಗೊಂಡು ತನ್ನ ಸಹಜ ಅಳತೆಗೆ ಮರಳುತ್ತದೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಬಟ್ಟೆಯನ್ನು ಗಿರಣಿಯಲ್ಲೇ ಕುಗ್ಗಿಸಿಬಿಡುತ್ತಾರೆ. 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆ ಬಂದದ್ದು ಆತನ ಹೆಸರಿನಿಂದಲೇ.

ಇಲ್ಲೊಂದು ಸೂಕ್ಷ್ಮವಿದೆ. ಬಟ್ಟೆ ಕುಗ್ಗುತ್ತದೆ, ಗಿರಣಿಯವರು ಕುಗ್ಗಿಸುತ್ತಾರೆ. ಕನ್ನಡದ 'ಇಸು' ಪ್ರತ್ಯಯ ಬಂದೊಡನೆ 'ಯಾರು' ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. 1989ರ ಡಿಸ್ನಿ ಚಿತ್ರ 'ಹನಿ, ಐ ಶ್ರಂಕ್ ದ ಕಿಡ್ಸ್'ನಲ್ಲಿ ವಿಜ್ಞಾನಿ ಅಪ್ಪ ತಪ್ಪನ್ನು ತನ್ನ ಮೇಲೇ ಹಾಕಿಕೊಳ್ಳುತ್ತಾನೆ. 'ಶ್ರಂಕ್' ಅಲ್ಲ, 'ಶ್ರ್ಯಾಂಕ್' ಆಗಬೇಕಿತ್ತು ಎಂದು ವ್ಯಾಕರಣ ಪಂಡಿತರು ಗೊಣಗಿದ್ದು ಬೇರೆ ಮಾತು.

ಯಂತ್ರಶಾಲೆಯಲ್ಲಿ ಈ ಪದಕ್ಕೆ ಗೌರವದ ಸ್ಥಾನವಿದೆ. ಎತ್ತಿನ ಗಾಡಿಯ ಗಾಲಿಗೆ ಹಳಿ ಕಟ್ಟುವ ನಮ್ಮ ಕಮ್ಮಾರರು ಕಬ್ಬಿಣದ ಬಳೆಯನ್ನು ಕಾಯಿಸಿ ಹಿಗ್ಗಿಸಿ, ಮರದ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. ತಣಿದು ಕುಗ್ಗಿದ ಬಳೆ ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ಎಂಜಿನಿಯರುಗಳು ಇದನ್ನೇ 'ಶ್ರಿಂಕ್ ಫಿಟ್' ಎನ್ನುತ್ತಾರೆ.

ಹೊಣೆಗೆ ಅಳುಕಿ ಹಿಂಜರಿಯುವುದಕ್ಕೂ ಇಂಗ್ಲಿಷಿನವರಿಗೆ ಇದೇ ಪದ. ನಾಚಿಕೆ ಸ್ವಭಾವದವರನ್ನು ಅವರು ಮುದುಡುವ ವಯೊಲೆಟ್ ಹೂವಿಗೆ ಹೋಲಿಸುತ್ತಾರೆ. ನಮ್ಮ ಮುಟ್ಟಿದರೆ ಮುನಿಯನ್ನು ಕಂಡಿದ್ದರೆ ಅದನ್ನೇ ಹೋಲಿಸುತ್ತಿದ್ದರೇನೋ!

ವಿಚಿತ್ರವೆಂದರೆ ಅಮೆರಿಕದ ಆಡುಮಾತಿನಲ್ಲಿ 'ಶ್ರಿಂಕ್' ಎಂದರೆ ಮನೋವೈದ್ಯ. 'ಹೆಡ್‌ಶ್ರಿಂಕರ್', ಅಂದರೆ ತಲೆ ಕುಗ್ಗಿಸುವವ ಎಂಬ ಮಾತಿನ ತುಂಡು ಇದು. 1950ರಲ್ಲಿ 'ಟೈಮ್' ಪತ್ರಿಕೆ ಈ ಪದ ಬಳಸಿ, ಹಾಲಿವುಡ್‌ನಲ್ಲಿ ಮನೋವೈದ್ಯರನ್ನು ಹೀಗೆನ್ನುತ್ತಾರೆ ಎಂದು ವಿವರಣೆಯನ್ನೂ ಕೊಡಬೇಕಾಯಿತು. ತಮಾಷೆಯ ಹಿಂದಿರುವುದು ಈಕ್ವೆಡಾರ್-ಪೆರು ಕಾಡುಗಳ ಶುಆರ್ ಮತ್ತಿತರ ಬುಡಕಟ್ಟುಗಳು ಶತ್ರುವಿನ ತಲೆಯ ಚರ್ಮವನ್ನು ಕುದಿಸಿ, ಬಿಸಿ ಮರಳು ತುಂಬಿ ಕಿರಿದಾಗಿಸುತ್ತಿದ್ದ ಆಚರಣೆ. ಯುರೋಪಿನ ಸಂಗ್ರಾಹಕರು ಬಂದೂಕು ಕೊಟ್ಟು ಅಂಥ ತಲೆಗಳನ್ನು ಕೊಳ್ಳತೊಡಗಿದಾಗ ಅದೊಂದು ವ್ಯಾಪಾರವೇ ಆಯಿತು. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯ ತನ್ನಲ್ಲಿದ್ದ ತಲೆಗಳನ್ನು 2020ರಲ್ಲಿ ಪ್ರದರ್ಶನದಿಂದ ತೆಗೆಯಿತು. ಹೇಳಿಕೊಳ್ಳಲು ಅಳುಕುತ್ತಲೇ ವೈದ್ಯರ ಬಾಗಿಲಿಗೆ ಬರುವ ರೋಗಿಗೆ ಈ ಹಾಸ್ಯ ಎಷ್ಟು ಹಿತವೋ!

ಈಚಿನ ಅರ್ಥಗಳು ಕಿಸೆಗೆ ಸಂಬಂಧಿಸಿದವು. ದೊಡ್ಡ ಮಳಿಗೆಗಳ ಲೆಕ್ಕದಲ್ಲಿ 'ಶ್ರಿಂಕೇಜ್' ಎಂದರೆ ದಾಸ್ತಾನಿನಲ್ಲಿ ಕಾಣೆಯಾದ ಮಾಲು. ಅದರಲ್ಲಿ ಕಳ್ಳತನವೂ ಸೇರಿದೆ, ಆದರೆ ಪದದಲ್ಲಿ ಕಳ್ಳನಿಲ್ಲ. ಬೆಲೆ ಏರಿಸದೆ ಪೊಟ್ಟಣದೊಳಗಿನ ತೂಕ ಇಳಿಸುವ ಉಪಾಯಕ್ಕೆ 'ಶ್ರಿಂಕ್‌ಫ್ಲೇಶನ್' ಎಂಬ ಹೆಸರು. ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ ಕೊಳ್ಳುವ ಮನೆಗಳಿಗೆ ಇದರ ವಿವರಣೆ ಬೇಕಿಲ್ಲ. ಬೆಲೆ ಏರಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಹತ್ತು ಗ್ರಾಂ ಇಳಿದರೆ ತಿಳಿಯುವುದು ಮಕ್ಕಳಿಗೆ ಹಂಚುವಾಗ.

ಫ್ರಾನ್ಸ್ ಇದಕ್ಕೊಂದು ಕಡಿವಾಣ ಹಾಕಿದೆ. 2024ರ ಜುಲೈ 1ರಿಂದ ಅಲ್ಲಿ 400 ಚದರ ಮೀಟರಿಗಿಂತ ದೊಡ್ಡ ಆಹಾರ ಮಳಿಗೆಗಳು ಅಂಥ ಸಾಮಾನಿನ ಪಕ್ಕದಲ್ಲಿ ಎರಡು ತಿಂಗಳ ಕಾಲ ಫಲಕ ಹಾಕಬೇಕು. ಪ್ರಮಾಣ ಇಷ್ಟಿದ್ದದ್ದು ಇಷ್ಟಾಗಿದೆ, ಕಿಲೋ ಅಥವಾ ಲೀಟರಿನ ಲೆಕ್ಕದಲ್ಲಿ ಬೆಲೆ ಇಷ್ಟು ಏರಿದೆ ಎಂದು ಅದರಲ್ಲಿ ಬರೆದಿರಬೇಕು. ಇಳಿಸಿದವರು ಯಾರೆಂದು ಆ ಒಕ್ಕಣೆಯಲ್ಲೂ ಇಲ್ಲ.